ಬೀಫ್ ಚಿಲಿ ಎಲ್ಲಿ ಹದ ತಪ್ಪಿತು? ಮನೆಯಡುಗೆಗೊಂದು ದೋಷ ನಿವಾರಣೆ ಕೈಪಿಡಿ

ಒಲೆಯ ಮೇಲೆ ಎರಡು ಗಂಟೆಯಿಂದ ಚಿಲಿ, ಅಂದರೆ ರುಬ್ಬಿದ ಒಣಮೆಣಸಿನಕಾಯಿಯ ಗೊಜ್ಜಿನಲ್ಲಿ ದನದ ಮಾಂಸ ಬೇಯಿಸುವ ಅಮೆರಿಕದ ಅಡುಗೆ, ಬೇಯುತ್ತಿದೆ. ಸೌಟಿನ ತುದಿಯಿಂದ ಒಂದಿಷ್ಟು ನಾಲಿಗೆಗೆ ಹಾಕಿಕೊಂಡಿರಿ. ಏನೋ ಸರಿಯಿಲ್ಲ, ಆದರೆ ಏನು ಎಂದು ಹೇಳಲು ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ, ಅಲ್ಲಿಂದ ಸಕ್ಕರೆಗೆ, ಆಮೇಲೆ ನಿಂಬೆಹಣ್ಣಿಗೆ. ಕಾಲು ಗಂಟೆ ಕಳೆಯುವುದರೊಳಗೆ ಒಂದು ದೋಷವಿದ್ದ ಪಾತ್ರೆಯಲ್ಲಿ ನಾಲ್ಕು ದೋಷಗಳಾಗಿರುತ್ತವೆ. ಮೊದಲಿನದು ಯಾವುದಾಗಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಈ ಅಡುಗೆಯ ತೊಡಕೇ ಅದು. ತಪ್ಪು ನಡೆಯುವುದು ಮೊದಲ ಇಪ್ಪತ್ತು ನಿಮಿಷಗಳಲ್ಲಿ, ಮೆಣಸಿನಕಾಯಿ ಹುರಿಯುವಾಗ, ಮಾಂಸ ಕೆಂಪಗೆ ಮಾಡುವಾಗ. ಅದು ನಾಲಿಗೆಗೆ ತಿಳಿಯುವುದು ಎರಡು ಗಂಟೆಯ ಮೇಲೆ. ಆದ್ದರಿಂದ ಈಗ ಸಿಕ್ಕಿರುವ ಲಕ್ಷಣವನ್ನು ಹಿಡಿದು ಹಿಂದಕ್ಕೆ ನಡೆಯಬೇಕು.

ಹೋಲಿಸಿ ನೋಡಲು ಒಂದು ಅಳತೆ ಇಟ್ಟುಕೊಳ್ಳೋಣ. ದನದ ಭುಜದ ಮಾಂಸ ಒಂದು ಕಿಲೋ, ಸುಮಾರು ನಾಲ್ಕು ಸೆಂಟಿಮೀಟರಿನ ತುಂಡುಗಳು. ಎಂಟರಿಂದ ಹತ್ತು ದೊಡ್ಡ ಒಣಮೆಣಸಿನಕಾಯಿ, ಖಾರ ಕಡಿಮೆ ಇರುವ ಆಂಚೊ ಅಥವಾ ಗ್ವಹೀಯೊ ಬಗೆಯದು. ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಎರಡು ಟೀ ಚಮಚ ಜೀರಿಗೆ, ಒಂದು ಟೀ ಚಮಚ ಒಣ ಒರೆಗಾನೊ, ಮುಕ್ಕಾಲು ಲೀಟರಿನಷ್ಟು ನೀರು ಅಥವಾ ಮಾಂಸದ ಸಾರು, ಎರಡು ಟೀ ಚಮಚ ಉಪ್ಪು. ಮಂದ ಉರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ. ಟೊಮೆಟೊ, ಬೀನ್ಸ್ (ಹಸಿರು ಕಾಯಲ್ಲ, ರಾಜ್ಮಾದಂಥ ಕಾಳು) ನಿಮ್ಮ ಇಷ್ಟ. ನಿಮ್ಮ ಪಾತ್ರೆ ಈ ಅಳತೆಯಿಂದ ತೀರ ದೂರ ಸರಿದಿದ್ದರೆ, ದೋಷ ಅರ್ಧ ಅಲ್ಲೇ ಸಿಕ್ಕಿತೆಂದು ತಿಳಿಯಿರಿ.

ಮೊದಲು ಮೂರು ಬಟ್ಟಲು

ಉರಿ ತಗ್ಗಿಸಿ. ಮೂರು ಸಣ್ಣ ಬಟ್ಟಲುಗಳಿಗೆ ನೂರು ನೂರು ಮಿಲಿಲೀಟರಿನಷ್ಟು ಚಿಲಿ ಬಡಿಸಿ. ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ಕಾಲು ಟೀ ಚಮಚ ವಿನೆಗರ್ ಅಥವಾ ನಿಂಬೆರಸ ಹಾಕಿ. ಮೂರನೆಯದಕ್ಕೆ ಏನೂ ಬೇಡ, ಅದು ಹೋಲಿಕೆಗೆ. ಕಲಕಿ, ಒಂದು ನಿಮಿಷ ಬಿಟ್ಟು ರುಚಿ ನೋಡಿ, ನಡುನಡುವೆ ನೀರು ಕುಡಿಯಿರಿ. ಉಪ್ಪಿನ ಬಟ್ಟಲು ಒಮ್ಮೆಗೇ ಜೀವ ಬಂದಂತೆ ಎನಿಸಿದರೆ ಉತ್ತರ ಸಿಕ್ಕಿತು. ಎರಡೂ ಬಟ್ಟಲು ಮೂಲದಷ್ಟೇ ಕೆಟ್ಟದಾಗಿದ್ದರೆ ದೋಷ ಉಪ್ಪುಹುಳಿಯದಲ್ಲ, ಕೆಳಗೆ ಓದಿ.

ಬಟ್ಟಲಿನಲ್ಲಿ ಹಿಡಿಸಿದ ಅಳತೆಯನ್ನು ಪಾತ್ರೆಗೆ ಏರಿಸುವಾಗ ಲೆಕ್ಕಕ್ಕೆ ಬಂದದ್ದರ ಅರ್ಧ ಮಾತ್ರ ಹಾಕಿ, ಹತ್ತು ನಿಮಿಷ ಕಾಯಿರಿ, ಆಮೇಲೆ ಉಳಿದದ್ದನ್ನು ಯೋಚಿಸಿ. ಪಾತ್ರೆ ಇನ್ನೂ ಅರ್ಧ ಗಂಟೆ ತೆರೆದು ಬೇಯುವುದಿದ್ದರೆ ಉಪ್ಪನ್ನು ಮುಟ್ಟಲೇಬೇಡಿ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಮಾಂಸ ಗಟ್ಟಿಯಾಗಿದೆ

ಅತಿ ಹೆಚ್ಚು ಬಾರಿ ಬರುವ ದೂರು ಇದು, ಅತಿ ಹೆಚ್ಚು ಬಾರಿ ತಪ್ಪಾಗಿ ಅರ್ಥವಾಗುವ ದೂರೂ ಇದೇ. ಒಂದು ಗಂಟೆ ಬೇಯಿಸಿ, ತುಂಡು ರಬ್ಬರಿನಂತಿರುವುದನ್ನು ಕಂಡು, "ಹೆಚ್ಚು ಬೆಂದುಹೋಯಿತು" ಎಂದು ಒಲೆ ಆರಿಸಿಬಿಡುತ್ತಾರೆ. ನಿಜದಲ್ಲಿ ಅದು ಬೇಯಬೇಕಾದಷ್ಟು ಬೆಂದಿರುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಮಾಂಸದ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸ್ನಾಯುವಿನ ಎಳೆಗಳು ಮುದುಡಿಕೊಂಡು ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಅದು ಬೇಗ ನಡೆದುಹೋಗುತ್ತದೆ. ಆದರೆ ಆ ಎಳೆಗಳನ್ನು ಕಟ್ಟಿಹಾಕಿರುವ ಕೊಲಾಜೆನ್ ಕರಗಿ ಜೆಲಾಟಿನ್ ಆಗುವ ಕೆಲಸ ನಿಧಾನದ್ದು. 80 ಡಿಗ್ರಿಯ ಮೇಲೆ ಅದು ತಕ್ಕಮಟ್ಟಿಗೆ ವೇಗ ಹಿಡಿಯುತ್ತದೆ, ಆಗಲೂ ಗಂಟೆಗಟ್ಟಲೆ ಬೇಕು. ಹೀಗಾಗಿ ಒಂದು ಗಂಟೆಯ ಹೊತ್ತಿಗೆ ನೀರು ಹೋಗಿದೆ, ಜೆಲಾಟಿನ್ ಬಂದಿಲ್ಲ. ಚಿಲಿಯ ಬದುಕಿನಲ್ಲಿ ಅತಿ ಕೆಟ್ಟ ಗಳಿಗೆ ಅದು. ಅಲ್ಲಿ ಕೈಬಿಟ್ಟವರು ಮತ್ತೆ ಚಿಲಿ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ಪರೀಕ್ಷೆ ಸುಲಭ. ದಪ್ಪ ತುಂಡೊಂದನ್ನು ತಟ್ಟೆಗೆ ತೆಗೆದು ಫೋರ್ಕಿನಿಂದ ಒತ್ತಿ. ಒತ್ತಿದ ಜಾಗ ಪುಟಿದು ಮೇಲೆ ಬಂದರೆ, ಎಳೆಗಳು ಬಿಡಿಸಿಕೊಳ್ಳದಿದ್ದರೆ, ಇನ್ನೂ ಬೇಯಬೇಕು. ಮುಚ್ಚಳ ಹಾಕಿ ಅರ್ಧ ಗಂಟೆಗೊಮ್ಮೆ ನೋಡುತ್ತಿರಿ. ನೀರು ತಗ್ಗಿದ್ದರೆ ಬಿಸಿನೀರು ಸೇರಿಸಿ. ಒತ್ತಿದಾಗ ಸಲೀಸಾಗಿ ನಾರುನಾರಾಗಿ ಬಿಚ್ಚಿಕೊಂಡು, ಬಾಯಲ್ಲಿ ಮಾತ್ರ ಒಣ ಹತ್ತಿಯಂತಿದ್ದರೆ ಕಥೆ ಬೇರೆ. ಅದು ತಪ್ಪು ಭಾಗದ ಮಾಂಸ. ತೊಡೆಯ ಅಥವಾ ಬೆನ್ನಿನ ಕೊಬ್ಬಿಲ್ಲದ ತುಂಡಿನಲ್ಲಿ ಕರಗಲು ಕೊಲಾಜೆನ್ನೇ ಸಾಕಷ್ಟಿಲ್ಲ, ಎಷ್ಟು ಬೇಯಿಸಿದರೂ ಬರುವುದಿಲ್ಲ. ಅದನ್ನು ಪೂರ್ತಿ ಬಿಡಿಸಿ ಎಳೆಎಳೆಯಾಗಿ ಗೊಜ್ಜಿಗೆ ಬೆರೆಸಿಬಿಡಿ. ರಸ ಎಳೆಗಳ ನಡುವೆ ನಿಲ್ಲುತ್ತದೆ, ಒಣತನ ಅಷ್ಟಾಗಿ ತಿಳಿಯುವುದಿಲ್ಲ. ಮುಂದಿನ ಸಲ ಭುಜ, ಎದೆಭಾಗ ಅಥವಾ ಕಾಲಿನ ಮಾಂಸವನ್ನೇ ಕೇಳಿ ತನ್ನಿ. ಅವು ಅಗ್ಗವೂ ಹೌದು.

ಇನ್ನೊಂದು ಕಾರಣ ಉರಿ. ಪಾತ್ರೆ ಕೊತಕೊತ ಕುದಿಯುತ್ತಿದ್ದರೆ ಮಾಂಸದ ಹೊರಭಾಗ ಚೂರಾಗುತ್ತದೆ, ಒಳಭಾಗ ಹಿಂಡಿಕೊಳ್ಳುತ್ತದೆ. ಮೇಲ್ಮೈಯಲ್ಲಿ ಒಂದೆರಡು ಕಡೆ ಸೋಮಾರಿ ಗುಳ್ಳೆಗಳು ಏಳುತ್ತಿದ್ದರೆ ಸಾಕು. ಒಲೆಯಲ್ಲಿ ಅಷ್ಟು ಮಂದ ಉರಿ ನಿಲ್ಲದಿದ್ದರೆ ಪಾತ್ರೆಯನ್ನು 150 ಡಿಗ್ರಿಯ ಓವನ್ನಿಗೆ ಸರಿಸಿ, ಮುಚ್ಚಳವನ್ನು ಬೆರಳಗಲ ಓರೆಯಾಗಿಡಿ.

ಹೊತ್ತಿಲ್ಲದವರಿಗೆ ಪ್ರೆಷರ್ ಕುಕ್ಕರ್ ಇದೆ. ಒಳಗೆ ಸುಮಾರು 120 ಡಿಗ್ರಿ ಆಗುವುದರಿಂದ ಈ ಅಳತೆಯ ತುಂಡುಗಳಿಗೆ ಒತ್ತಡ ಬಂದ ಮೇಲೆ 35ರಿಂದ 40 ನಿಮಿಷ ಸಾಕಾಗುತ್ತದೆ. ಕೂಗು ಎಣಿಸಬೇಡಿ, ಗಡಿಯಾರ ನೋಡಿ. ಒಂದೊಂದು ಕುಕ್ಕರ್ ಒಂದೊಂದು ಗತಿಯಲ್ಲಿ ಕೂಗುತ್ತದೆ. ಒತ್ತಡ ತಾನಾಗಿ ಇಳಿಯಲಿ. ಆವಿಯನ್ನು ಒಮ್ಮೆಗೇ ಬಿಟ್ಟರೆ ಒಳಗಿನ ದ್ರವ ಭೋರೆಂದು ಕುದಿದು, ಮೆತ್ತಗಾಗಿದ್ದ ಮಾಂಸ ಮತ್ತೆ ಒಣಗುತ್ತದೆ.

ಕೀಮಾ ಬಳಸಿದವರ ದೂರು ಬೇರೆ: ಮಾಂಸ ಸಣ್ಣ ಸಣ್ಣ ಗಟ್ಟಿ ಗುಂಡುಗಳಾಗಿದೆ. ಹುರಿಯುವ ಮೊದಲು ಒಂದು ಕಿಲೋ ಕೀಮಾಕ್ಕೆ ಮುಕ್ಕಾಲು ಟೀ ಚಮಚ ಅಡುಗೆ ಸೋಡಾವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಬೆರೆಸಿ, ಕಾಲು ಗಂಟೆ ಬಿಡಿ. ಮಾಂಸದ ಆಮ್ಲೀಯತೆ ತಗ್ಗಿ ಎಳೆಗಳು ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಸೋಡಾ ಅಳತೆ ಮೀರಿದರೆ ಸಾಬೂನಿನ ರುಚಿ ಬರುತ್ತದೆ, ಜೋಕೆ.

ಬಾಯಿ ಉರಿಯುತ್ತಿದೆ

ಇಲ್ಲಿ ನನ್ನದೇ ಒಂದು ಪಾಪವನ್ನು ಒಪ್ಪಿಕೊಳ್ಳಬೇಕು. ಮೊದಲ ಸಲ ಮಾಡಿದಾಗ ವಿಧಾನದಲ್ಲಿ "ಚಿಲಿ ಪೌಡರ್ ಮೂರು ದೊಡ್ಡ ಚಮಚ" ಎಂದಿತ್ತು. ನಾನು ಮೂರು ದೊಡ್ಡ ಚಮಚ ಖಾರದ ಪುಡಿಯನ್ನು ಸುರಿದೆ. ಒಬ್ಬರೂ ಎರಡನೇ ತುತ್ತು ತಿನ್ನಲಿಲ್ಲ.

ತಪ್ಪು ನನ್ನದೂ ಹೌದು, ಹೆಸರಿನದೂ ಹೌದು. ಚಿಲಿ ಎಂದರೆ ಮೆಣಸಿನಕಾಯಿ, ಚಿಲಿ ಎಂದರೆ ಈ ಅಡುಗೆ, ಸಾಲದ್ದಕ್ಕೆ ಅದೇ ಹೆಸರಿನ ದೇಶವೂ ಒಂದಿದೆ. ಅಮೆರಿಕದ ಅಡುಗೆ ಬರಹಗಳಲ್ಲಿ "ಚಿಲಿ ಪೌಡರ್" ಎಂದರೆ ಬರಿಯ ಮೆಣಸಿನ ಪುಡಿಯಲ್ಲ, ಚಿಲಿ ಎಂಬ ಅಡುಗೆಗೆ ಹಾಕುವ ಮಸಾಲೆ ಪುಡಿ: ಸೌಮ್ಯ ಮೆಣಸಿನ ಪುಡಿಯ ಜೊತೆ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ, ಹಲವೊಮ್ಮೆ ಉಪ್ಪು. ಟೆಕ್ಸಾಸ್‌ನ ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಭಾರ್ಟ್ ಎಂಬ ಜರ್ಮನ್ ವಲಸಿಗ 1890ರ ದಶಕದಲ್ಲಿ ಇಂಥ ಪುಡಿಯನ್ನು ತಯಾರಿಸಿ ಮಾರತೊಡಗಿದ. ವರ್ಷವಿಡೀ ಮೆಣಸಿನಕಾಯಿ ಸಿಗದ ಕಾಲದಲ್ಲಿ ಅದು ದೊಡ್ಡ ಅನುಕೂಲ, ಆದರೆ ಅಂದಿನಿಂದ ಉಳಿದ ಲೋಕಕ್ಕೆಲ್ಲ ಗೊಂದಲ. ಆದ್ದರಿಂದ ಪೊಟ್ಟಣದ ಹಿಂಬದಿ ಓದಿ. ಮೆಣಸಿನಕಾಯಿ ಒಂದೇ ಇದ್ದರೆ, ವಿಧಾನದಲ್ಲಿ ಹೇಳಿದ ಅಳತೆಯ ಆರರಲ್ಲೊಂದು ಭಾಗದಿಂದ ಆರಂಭಿಸಿ, ಜೀರಿಗೆ ಒರೆಗಾನೊಗಳನ್ನು ಬೇರೆಯಾಗಿ ಹಾಕಿ.

ಈಗಾಗಲೇ ಖಾರವಾಗಿದ್ದರೆ? ನೀರು ಸುರಿದು ಫಲವಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಲಿನ ಕೇಸೀನ್ ಎಂಬ ಪ್ರೋಟೀನ್ ಅದನ್ನು ಹಿಡಿದು ಸಾಗಿಸುತ್ತದೆ. ಚಿಲಿಯ ಮೇಲೆ ಹುಳಿಕೆನೆ, ತುರಿದ ಚೀಸ್ ಹಾಕಿಕೊಡುವುದು ಬರಿಯ ಅಲಂಕಾರವಲ್ಲ. ತಟ್ಟೆಗೆ ಬಡಿಸಿದ ಮೇಲೆ ಅವನ್ನು ಹಾಕಿ, ಪಾತ್ರೆಗೆ ಹಾಕಿ ಕುದಿಸಿದರೆ ಒಡೆಯುತ್ತವೆ. ತೀರ ಮಿತಿಮೀರಿದ್ದರೆ ಉಳಿದಿರುವುದು ಒಂದೇ ದಾರಿ: ಮೆಣಸಿನಕಾಯಿ ಇಲ್ಲದೆ ಅರ್ಧದಷ್ಟು ಮಾಂಸ, ಈರುಳ್ಳಿ, ಸಾರನ್ನು ಬೇರೆಯಾಗಿ ಬೇಯಿಸಿ ಇದಕ್ಕೆ ಕೂಡಿಸುವುದು. ಚಿಲಿ ಹೆಚ್ಚಾಗುತ್ತದೆ, ಹೆಚ್ಚಾದದ್ದನ್ನು ಫ್ರೀಜರಿನಲ್ಲಿಡಬಹುದು.

ಇಡೀ ಒಣಮೆಣಸಿನಕಾಯಿ ಬಳಸುವವರಿಗೆ ಒಂದು ಮಾತು. ಖಾರ ಬೀಜದ್ದಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ಎಳೆಯದ್ದು. ಬೀಜ ಕೊಡವಿ ಎಳೆ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಕಹಿಯಾಗಿದೆ

ಕಹಿಗೆ ಕಾರಣ ಬಹುಪಾಲು ಸೀದದ್ದೇ. ಏನು ಸೀದದ್ದು ಎಂಬುದನ್ನು ಪತ್ತೆಹಚ್ಚಬೇಕು.

ಒಣಮೆಣಸಿನಕಾಯಿಯನ್ನು ಬಿಸಿ ಬಾಣಲೆಯಲ್ಲಿ ಪ್ರತಿ ಬದಿ ಹದಿನೈದರಿಂದ ಮೂವತ್ತು ಸೆಕೆಂಡಿಗಿಂತ ಹೆಚ್ಚು ಇಡಬಾರದು. ಘಮ್ಮೆಂದ ಕೂಡಲೇ ತೆಗೆಯಬೇಕು. ಕಪ್ಪು ಕಲೆ ಬಿದ್ದ ಒಂದೇ ಒಂದು ಕಾಯಿ ಇಡೀ ಪಾತ್ರೆಯನ್ನು ಕಹಿ ಮಾಡಬಲ್ಲದು, ಕನಿಕರವಿಲ್ಲದೆ ಎಸೆಯಿರಿ. ಎರಡನೆಯ ಶಂಕಿತ ಬೆಳ್ಳುಳ್ಳಿ. ಈರುಳ್ಳಿಯ ಜೊತೆಗೇ ಹಾಕಿದರೆ ಈರುಳ್ಳಿ ಕೆಂಪಾಗುವ ಹೊತ್ತಿಗೆ ಅದು ಕರಕಲಾಗಿರುತ್ತದೆ. ಮೂರನೆಯದು ಯಾರೂ ಅನುಮಾನಿಸದ ವಸ್ತು, ಮೆಣಸಿನಕಾಯಿ ನೆನೆಸಿದ ನೀರು. ಕೆಲವು ಕಾಯಿಗಳ ನೀರು ಸಿಹಿಯಾಗಿರುತ್ತದೆ, ಕೆಲವದ್ದು ಕಷಾಯದಂತೆ. ರುಬ್ಬುವ ಮೊದಲು ಒಂದು ಹನಿ ನೆಕ್ಕಿ ನೋಡಿ, ಕಹಿಯಿದ್ದರೆ ಚೆಲ್ಲಿ ಬೇರೆ ನೀರು ಬಳಸಿ. ಇವು ಯಾವುವೂ ಅಲ್ಲವಾದರೆ ಜೀರಿಗೆ ಹೆಚ್ಚಾಗಿದೆಯೇ, ಕಾಫಿ, ಕೋಕೋ ಎಂದು ಏನಾದರೂ ಸೇರಿಸಿದ್ದೀರಾ ನೆನಪಿಸಿಕೊಳ್ಳಿ.

ಹಗುರವಾದ ಕಹಿಗೆ ಮೊದಲ ಮದ್ದು ಸಕ್ಕರೆಯಲ್ಲ, ಉಪ್ಪು. ಉಪ್ಪು ಕಹಿಯನ್ನು ನಾಲಿಗೆಯ ಮಟ್ಟದಲ್ಲೇ ಅಡಗಿಸುತ್ತದೆ. ಬಟ್ಟಲಿನಲ್ಲಿ ಪರೀಕ್ಷಿಸಿ ನೋಡಿ, ಆಮೇಲೆ ಬೇಕಿದ್ದರೆ ಅರ್ಧ ಚಮಚ ಬೆಲ್ಲವೋ ಸಕ್ಕರೆಯೋ. ಗಂಟಲಿನಲ್ಲಿ ಹೊಗೆಯಂತೆ ಉಳಿಯುವ ಕಹಿಯಾದರೆ ಯಾವ ಮದ್ದೂ ನಾಟುವುದಿಲ್ಲ. ಮಾಂಸದ ತುಂಡುಗಳನ್ನು ಆರಿಸಿ ತೆಗೆದು ಬಿಸಿನೀರಿನಲ್ಲಿ ಅದ್ದಿ, ಹೊಸ ಗೊಜ್ಜು ರುಬ್ಬಿಕೊಳ್ಳುವುದೇ ಮೇಲು.

ಸಪ್ಪೆಯಾಗಿದೆ

ಮೂರು ಬಟ್ಟಲಿನ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ. ಉಪ್ಪು ಸರಿಯಿದ್ದು, ಹುಳಿಯೂ ಸರಿಯಿದ್ದು, ಆದರೂ "ಏನೋ ಸಾಲದು" ಎನಿಸಿದರೆ, ಮಾಂಸ ಕೆಂಪಗಾಗಲೇ ಇಲ್ಲ ಎಂದು ಅರ್ಥ. ಕೆಂಪಗಾಗುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯಲ್ಲಿ. ಬಾಣಲೆಯಲ್ಲಿ ನೀರಿರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ. ಒಂದು ಕಿಲೋ ಮಾಂಸವನ್ನು ಒಮ್ಮೆಗೇ ಸುರಿದಾಗ ಅದು ನೀರುಬಿಟ್ಟು ತನ್ನ ನೀರಿನಲ್ಲೇ ಬೂದು ಬಣ್ಣಕ್ಕೆ ಬೇಯುತ್ತದೆ. ತುಂಡುಗಳನ್ನು ಒರೆಸಿ ಒಣಗಿಸಿ, ಒಂದಕ್ಕೊಂದು ತಾಗದಂತೆ ಕಂತುಗಳಲ್ಲಿ ಹುರಿಯಬೇಕು. ಎಲ್ಲವನ್ನೂ ಹುರಿಯಬೇಕೆಂದಿಲ್ಲ. ಮೂರರಲ್ಲೊಂದು ಭಾಗವನ್ನು ಗಾಢವಾಗಿ ಕೆಂಪು ಮಾಡಿ, ಉಳಿದದ್ದನ್ನು ಹಾಗೇ ಹಾಕಿದರೂ ಪಾತ್ರೆಗೆ ಸಾಕಷ್ಟು ರುಚಿ ಇಳಿಯುತ್ತದೆ, ಮಾಂಸವೂ ಮೆತ್ತಗಿರುತ್ತದೆ. ತಳದಲ್ಲಿ ಅಂಟಿದ ಕಂದು ಪದರಕ್ಕೆ ನೀರು ಚಿಮುಕಿಸಿ ಕೆರೆದು ಪಾತ್ರೆಗೆ ಸೇರಿಸಿ. ಅದನ್ನು ತೊಳೆದು ಚೆಲ್ಲುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆ ಹಂತ ದಾಟಿ ಬಂದಾಗಿದ್ದರೆ ಎರಡು ಚಮಚ ಟೊಮೆಟೊ ಪೇಸ್ಟನ್ನು ಬೇರೆ ಬಾಣಲೆಯಲ್ಲಿ ಎಣ್ಣೆಯೊಡನೆ ಇಟ್ಟಿಗೆ ಬಣ್ಣಕ್ಕೆ ಹುರಿದು ಸೇರಿಸಿ, ಇಲ್ಲವೇ ಒಂದು ಚಮಚ ಸೋಯಾ ಸಾಸ್. ಮೂಲದಷ್ಟಿಲ್ಲ, ಆದರೂ ಕೆಲಸಕ್ಕೆ ಬರುತ್ತದೆ. ವಿನೆಗರನ್ನು ಒಲೆಯಿಂದ ಇಳಿಸುವ ಮುನ್ನವಷ್ಟೇ ಹಾಕಿ.

ಉಪ್ಪು ಹೆಚ್ಚಾದದ್ದಕ್ಕೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಉಪ್ಪನ್ನು ಮಾತ್ರವಲ್ಲ. ಉಳಿದ ರಸದ ಉಪ್ಪು ಇದ್ದ ಹಾಗೇ ಇರುತ್ತದೆ. ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಬೆಂದ ಬೀನ್ಸ್ ಕೂಡಿಸಿ ತೆಳುಗೊಳಿಸುವುದೊಂದೇ ಉಪಾಯ.

ನೀರುನೀರು, ಜಿಡ್ಡು, ತಳ ಹಿಡಿದದ್ದು

ತೆಳ್ಳಗಿದ್ದರೆ ಮುಚ್ಚಳ ತೆಗೆದು ಇಪ್ಪತ್ತು ನಿಮಿಷ ಬಿಡಿ. ಆದರೂ ಗಟ್ಟಿಯಾಗದಿದ್ದರೆ ಸುಣ್ಣದ ನೀರಿನಲ್ಲಿ ಸಂಸ್ಕರಿಸಿದ ಮೆಕ್ಕೆಜೋಳದ ಹಿಟ್ಟು, ಮಾಸಾ ಹರೀನಾ, ಎರಡು ದೊಡ್ಡ ಚಮಚವನ್ನು ತಣ್ಣೀರಿನಲ್ಲಿ ಕದಡಿ ಹಾಕಿ. ಜೊತೆಗೆ ಒಳ್ಳೆಯ ಪರಿಮಳವೂ ಬರುತ್ತದೆ. ಬೀನ್ಸ್ ಹಾಕಿದ್ದರೆ ಒಂದು ಹಿಡಿ ತೆಗೆದು ಕಿವುಚಿ ಬೆರೆಸಿದರೂ ಆಯಿತು.

ಮೇಲೆ ಕೆಂಪು ಎಣ್ಣೆ ಬೆರಳಗಲ ನಿಂತಿದ್ದರೆ ಸೌಟಿನಿಂದ ತೆಗೆಯಿರಿ, ಆದರೆ ಪೂರ್ತಿ ಬೇಡ. ಮೆಣಸಿನಕಾಯಿಯ ಬಣ್ಣವೂ ಪರಿಮಳವೂ ಅದರಲ್ಲೇ ಇದೆ. ನಾಳೆ ತಿನ್ನುವುದಾದರೆ ಫ್ರಿಜ್‌ನಲ್ಲಿಡಿ, ಕೊಬ್ಬು ಹೆಪ್ಪುಗಟ್ಟಿ ಹಲಗೆಯಂತೆ ಎದ್ದುಬರುತ್ತದೆ.

ತಳ ಹಿಡಿದ ವಾಸನೆ ಬಂದ ಕೂಡಲೇ ಸೌಟು ಹಾಕಿ ಕೆರೆಯುವುದು ಮೊದಲ ಸಹಜ ತಪ್ಪು. ಕಲಕಬೇಡಿ. ಒಲೆಯಿಂದ ಇಳಿಸಿ, ಮೇಲಿನದ್ದನ್ನು ಮೆಲ್ಲನೆ ಬೇರೆ ಪಾತ್ರೆಗೆ ತೋಡಿ, ಅಂಟಿದ್ದನ್ನು ಅಲ್ಲೇ ಬಿಟ್ಟುಬಿಡಿ.

ಬೀನ್ಸ್ ಬೇಯುತ್ತಿಲ್ಲ

ಬೀನ್ಸ್ ಹಾಕಿದರೆ ಅದು ಚಿಲಿಯೇ ಅಲ್ಲ ಎನ್ನುವವರು ಟೆಕ್ಸಾಸ್‌ನಲ್ಲಿ ಬಹಳ. ಆ ರಾಜ್ಯ 1977ರಲ್ಲಿ ಚಿಲಿಯನ್ನು ತನ್ನ ಅಧಿಕೃತ ತಿನಿಸೆಂದು ಘೋಷಿಸಿತು. ಟರ್ಲಿಂಗ್ವಾ ಎಂಬಲ್ಲಿ 1967ರಲ್ಲಿ ಶುರುವಾದ ಚಿಲಿ ಸ್ಪರ್ಧೆಯ ಪರಂಪರೆಯಲ್ಲಿ ಪಾತ್ರೆಯೊಳಗೆ ಬೀನ್ಸ್‌ಗೆ ಪ್ರವೇಶವಿಲ್ಲ. ಅವರ ಜಗಳ ಅವರಿಗಿರಲಿ. ಹಾಕುವವರು ಎರಡು ವಿಷಯ ತಿಳಿದಿರಬೇಕು.

ಮೊದಲನೆಯದು ಹುಳಿಯ ಕಾಟ. ಟೊಮೆಟೊ ಇರುವ ಪಾತ್ರೆಗೆ ನೆನೆಸಿದ ಬೀನ್ಸನ್ನು ನೇರವಾಗಿ ಹಾಕಿದರೆ ಗಂಟೆಗಳು ಕಳೆದರೂ ಅದು ಗಟ್ಟಿಯಾಗಿಯೇ ಉಳಿಯುತ್ತದೆ, ಆಮ್ಲವು ಕಾಳಿನ ಗೋಡೆ ಮೆದುವಾಗಲು ಬಿಡುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಅದನ್ನೇ ಮಾಡುತ್ತದೆ, ಹಳೆಯ ಕಾಳಾದರೆ ಮತ್ತೂ ಕಷ್ಟ. ಉಪ್ಪಿನ ಮೇಲೆ ಸುಮ್ಮನೆ ಅಪವಾದ: ನೆನೆಸುವ ನೀರಿಗೆ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಕಾಳುಗಳನ್ನು ಜಾಲರಿ ಸೌಟಿನಿಂದ ತೆಗೆದು, ಬರಿಯ ನೀರಿನಲ್ಲಿ ಚಿಟಿಕೆ ಸೋಡಾದೊಡನೆ ಬೇಯಿಸಿ ಮರಳಿ ಸೇರಿಸಿ.

ಎರಡನೆಯದು ರುಚಿಯ ಮಾತಲ್ಲ. ಕೆಂಪು ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷವಸ್ತುವಿದೆ. ನಾಲ್ಕೈದು ಹಸಿ ಕಾಳು ಸಾಕು, ವಾಂತಿ ಭೇದಿಗೆ. ಐದು ಗಂಟೆಗಿಂತ ಕಡಿಮೆಯಾಗದಂತೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಭರ್ತಿ ಕುದಿಯಲ್ಲಿ ಕನಿಷ್ಠ 10 ನಿಮಿಷ ಕುದಿಸಬೇಕು, 30 ನಿಮಿಷವಾದರೆ ನಿಶ್ಚಿಂತೆ. ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ಹಾಕಿ ಮಲಗುವುದು ಅಪಾಯ. ಅದರ ಬಿಸಿ 80 ಡಿಗ್ರಿ ಮುಟ್ಟದಿದ್ದರೆ ವಿಷ ತಗ್ಗುವ ಬದಲು ಹೆಚ್ಚಬಹುದು. ಡಬ್ಬಿಯ ಬೀನ್ಸ್ ಮೊದಲೇ ಬೆಂದಿರುತ್ತದೆ, ಅದಕ್ಕೆ ಈ ಭಯವಿಲ್ಲ.

ಮರುದಿನದ ದೂರುಗಳು

ರಾತ್ರಿಯಿಡೀ ಒಲೆಯ ಮೇಲೆ ಮರೆತ ಪಾತ್ರೆಯನ್ನು ಬೆಳಗ್ಗೆ ಕುದಿಸಿದರೆ ಸಾಲದೇ? ಸಾಲದು. ಕುದಿಗೂ ಸಾಯದ ಬೀಜಾಣುಗಳು ನಿಧಾನವಾಗಿ ತಣಿಯುವ ದೊಡ್ಡ ಪಾತ್ರೆಯಲ್ಲಿ ಮೊಳೆತು ಹೆಚ್ಚುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಾಸನೆ ಚೆನ್ನಾಗಿದೆ ಎಂಬುದು ಸಾಕ್ಷಿಯಲ್ಲ, ಚೆಲ್ಲಿಬಿಡಿ. ಇಳಿಸಿದ ಎರಡು ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ ಸೇರಿಸಿ. ಅಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವಾಗ ನಡುಭಾಗ 74 ಡಿಗ್ರಿ ಮುಟ್ಟಲಿ.

ಫ್ರಿಜ್‌ನಿಂದ ತೆಗೆದಾಗ ಚಿಲಿ ಕತ್ತರಿಸುವಷ್ಟು ಗಟ್ಟಿಯಾಗಿ, ಅಲುಗಾಡಿಸಿದರೆ ನಡುಗುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ಅದು ಹಿಂದಿನ ದಿನ ಕರಗಿದ ಕೊಲಾಜೆನ್. ಕಾಲು ಲೋಟ ನೀರು ಹಾಕಿ ಮಂದ ಉರಿಯಲ್ಲಿ ಬಿಸಿ ಮಾಡಿ, ಉಪ್ಪು ಮತ್ತೊಮ್ಮೆ ನೋಡಿ, ಬಡಿಸಿ.